ಬಾಗಿಲು ಬಡಿದವರು

1820ರ ದಶಕದ ನ್ಯೂಯಾರ್ಕ್. ಡಿಸೆಂಬರಿನ ಕೊನೆಯ ವಾರ. ಚಳಿಗೆ ಹಡಗುಕಟ್ಟೆಯ ಕೆಲಸ ನಿಂತಿದೆ, ಕೂಲಿಯೂ ನಿಂತಿದೆ. ಕತ್ತಲಾಗುತ್ತಿದ್ದಂತೆ ಬೋವರಿ ಬೀದಿಯಲ್ಲಿ ಕೂಲಿಕಾರರು, ಕಸುಬು ಕಲಿಯುವ ಹುಡುಗರು ಗುಂಪುಗೂಡುತ್ತಾರೆ. ಮುಖಕ್ಕೆ ಮಸಿ, ಕೈಯಲ್ಲಿ ತಗಡಿನ ಪಾತ್ರೆ, ಗಿಲಕಿ, ಕಹಳೆ. ಕ್ಯಾಲಿಥಂಪಿಯನ್ ಮೇಳವೆಂದು ಇದಕ್ಕೆ ಹೆಸರು. ರಾಗವಿಲ್ಲ, ತಾಳವಿಲ್ಲ, ಸಿರಿವಂತರ ನಿದ್ದೆ ಕೆಡಿಸಬೇಕು, ಅಷ್ಟೇ. ತಡೆಯಲು ಬಂದ ಕಾವಲುಗಾರರು ಗುಂಪಿನ ಗಾತ್ರ ನೋಡಿ ಹಿಂದೆ ಸರಿಯುತ್ತಾರೆ. ಇಂಥದೇ ಒಂದು ರಾತ್ರಿ ಈ ಕೈಗಳು ಕಪ್ಪು ಜನರ ಚರ್ಚಿನ ಕಿಟಕಿಗಳನ್ನೂ ಒಡೆದವು. ತಮಗಿಂತ ನೊಂದವರನ್ನೂ ಆ ಸಿಟ್ಟು ಬಿಡಲಿಲ್ಲ.

ಈ ಗದ್ದಲದ ಬೇರು ಹಳೆಯದು. ಇಂಗ್ಲೆಂಡಿನ ಹಳ್ಳಿಗಳಲ್ಲಿ ಸುಗ್ಗಿ ಮುಗಿದು, ದನ ಕಡಿದು, ಹೊಸ ಬಿಯರ್ ಹದಕ್ಕೆ ಬರುವ ಕಾಲವೇ ಕ್ರಿಸ್‌ಮಸ್. ಒಕ್ಕಲುಗಳು ಹಾಡುತ್ತ ಧಣಿಯ ಬಾಗಿಲಿಗೆ ಹೋಗುತ್ತಿದ್ದರು. ಅಂದು ಧಣಿ ತಾನು ಉಣ್ಣುವುದನ್ನೇ ಬಡಿಸಬೇಕು, ತಾನು ಕುಡಿಯುವುದನ್ನೇ ಹೊಯ್ಯಬೇಕು. ಕೊಡದಿದ್ದರೆ ಹಾಡಿನಲ್ಲೇ ಬೆದರಿಕೆ. ಅದು ಭಿಕ್ಷೆಯಲ್ಲ, ವರ್ಷವಿಡೀ ದುಡಿದವರ ಪಾಲು. ಧಣಿಗೂ ನಷ್ಟವಿರಲಿಲ್ಲ: ಮಿಕ್ಕ ದಿನಗಳಲ್ಲಿ ಒಕ್ಕಲು ತಲೆ ತಗ್ಗಿಸಿ ದುಡಿಯುತ್ತಿತ್ತು. 1659ರಲ್ಲಿ ಮ್ಯಾಸಚೂಸೆಟ್ಸ್‌ನ ಕಟ್ಟುನಿಟ್ಟಿನ ಕ್ರೈಸ್ತರಾದ ಪ್ಯೂರಿಟನ್ನರು ಕ್ರಿಸ್‌ಮಸ್ ಆಚರಿಸಿದವರಿಗೆ 5 ಶಿಲಿಂಗ್ ದಂಡ ವಿಧಿಸಿದ್ದಕ್ಕೆ ಈ ಕುಡಿತ, ಕೂಗಾಟವೂ ಒಂದು ಕಾರಣ.

ನ್ಯೂಯಾರ್ಕಿನಲ್ಲಿ ಧಣಿಗೂ ಕೂಲಿಗೂ ಮುಖಪರಿಚಯವೇ ಉಳಿಯಲಿಲ್ಲ. ಬಾಗಿಲು ಬಡಿದರೆ ಎದೆ ನಡುಗುವ ಕಾಲ. ಚೆಲ್ಸಿಯ ಜಮೀನುದಾರ ಕ್ಲೆಮೆಂಟ್ ಕ್ಲಾರ್ಕ್ ಮೂರ್, ನಗರದ ಹೊಸ ಬೀದಿಗಳನ್ನು ವಿರೋಧಿಸಿ 1818ರಲ್ಲಿ ಕಿರುಹೊತ್ತಗೆಯನ್ನೇ ಬರೆದವರು. ಅವರದೆಂದು ಪ್ರಸಿದ್ಧವಾದ ಕ್ರಿಸ್‌ಮಸ್ ಉಡುಗೊರೆ ತರುವ ಸಂತ ನಿಕೋಲಸನ ಪದ್ಯ 1823ರ ಡಿಸೆಂಬರ್ 23ರಂದು ಟ್ರಾಯ್ ಊರಿನ ಪತ್ರಿಕೆಯಲ್ಲಿ ಅಚ್ಚಾಯಿತು. ಅಲ್ಲಿಯೂ ನಡುರಾತ್ರಿ ಒಬ್ಬ ಮನೆಯೊಳಗೆ ಬರುತ್ತಾನೆ. ಬಟ್ಟೆಯೆಲ್ಲ ಮಸಿ, ಬೆನ್ನಿಗೆ ಮೂಟೆ, ಬಾಯಲ್ಲಿ ದುಡಿಯುವವರು ಸೇದುವಂಥ ಗಿಡ್ಡ ಪೈಪು. ಆದರೆ ಅವನು ಬಾಗಿಲು ಬಡಿಯುವುದಿಲ್ಲ, ಏನನ್ನೂ ಕೇಳುವುದಿಲ್ಲ; ಚಿಮಣಿಯಿಂದಿಳಿದು ಕೊಟ್ಟು ಹೋಗುತ್ತಾನೆ. ಇತಿಹಾಸಕಾರ ಸ್ಟೀಫನ್ ನಿಸೆನ್‌ಬಾಮ್ 1996ರ ತಮ್ಮ ಪುಸ್ತಕದಲ್ಲಿ ಈ ಪಲ್ಲಟವನ್ನು ಎಳೆಎಳೆಯಾಗಿ ಬಿಡಿಸಿದ್ದಾರೆ. ಧಣಿಯಿಂದ ದುಡಿಯುವವನಿಗೆ ಸಲ್ಲುತ್ತಿದ್ದ ಹಬ್ಬದ ಕೊಡುಗೆ ಇನ್ನು ಹೊಸ್ತಿಲು ದಾಟಬೇಕಿಲ್ಲ, ಮನೆಯ ಮಕ್ಕಳಿಗೇ ಮೀಸಲು. ಮಕ್ಕಳ ಈ ಹಬ್ಬ ನನಗೂ ಇಷ್ಟ. ಆದರೂ ಅದು ಯಾರನ್ನು ಹೊರಗೆ ನಿಲ್ಲಿಸಿ ಅಗಳಿ ಹಾಕಿಕೊಂಡಿತೆಂದು ನೆನೆದರೆ ಸಂಕಟವಾಗುತ್ತದೆ.

ಹೊರಗಿದ್ದವರ ಪಾಲಿಗೆ ಬಂದದ್ದು ದಾನದ ಊಟ. 1899ರ ಕ್ರಿಸ್‌ಮಸ್‌ಗೆ ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸೇವಾಸಂಸ್ಥೆ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಸಾವಿರಾರು ಬಡವರಿಗೆ ಎಲೆ ಹಾಕಿದಾಗ, ಸ್ಥಿತಿವಂತರು ಮೇಲಿನ ಆಸನಗಳಲ್ಲಿ ಕೂತು ಅವರು ಉಣ್ಣುವುದನ್ನು ನೋಡಿದರು.