ಇಟ್ಟ ಹಾಡು ಕೇಳಿದಾಗ ದೊರೆಯಬೇಕು

ತಿರುಮಕೂಡಲು ನರಸೀಪುರದ ನೆರೆಯಲ್ಲಿ, ಕಾವೇರಿ ಕಪಿಲೆಯರು ಕೂಡುವ ಸ್ಥಳಕ್ಕೆ ಸಮೀಪದಲ್ಲಿರುವ ಸೋಸಲೆ ಹಾಡಿನ ಬೆಲೆಯನ್ನು ಬಲ್ಲ ಊರು. ವ್ಯಾಸರಾಜ ಮಠದ ಒಂದು ಶಾಖೆ ಈ ಊರಿನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಪುರಂದರದಾಸರಿಗೆ ಗುರುಗಳಾಗಿ, ತಾವೂ ಕೀರ್ತನೆಗಳನ್ನು ರಚಿಸಿದ ವ್ಯಾಸರಾಯರು ಹುಟ್ಟಿದುದು ಇದೇ ತಾಲ್ಲೂಕಿನ ಬನ್ನೂರಿನಲ್ಲಿ. ಶಾಲೆಯ ಮಕ್ಕಳು ತಲೆಮಾರುಗಳಿಂದ ಕೈಜೋಡಿಸಿ ಹಾಡುತ್ತ ಬಂದ ಪ್ರಾರ್ಥನೆಯೊಂದನ್ನು ಬರೆದ ಕವಿ ಸೋಸಲೆ ಅಯ್ಯಾಶಾಸ್ತ್ರಿಗಳು (1854-1934) ಈ ಊರಿನವರು. ಸಂಗಮದ ತಿರುಮಕೂಡಲಿನಲ್ಲಿ 1895ರಲ್ಲಿ ಜನಿಸಿದ ಚೌಡಯ್ಯನವರು ತಮ್ಮ ಏಳು ತಂತಿಯ ಪಿಟೀಲಿನಿಂದ ನಾಡನ್ನೇ ಬೆರಗುಗೊಳಿಸಿದರು.

ಇಷ್ಟು ನಾದ ಹರಿದ ನೆಲದಲ್ಲಿ ನಿಂತು ಒಂದು ಪ್ರಶ್ನೆಯನ್ನು ಕೇಳಬಹುದು: ಹಾಡು ಉಳಿಯುವುದು ಹೇಗೆ?

ಒಂದು ಕಾಲಕ್ಕೆ ಹಾಡಿಗೆ ಕಂಠವೇ ಭಂಡಾರವಾಗಿತ್ತು. ಪುರಂದರದಾಸರು ರಚಿಸಿದ ಪದಗಳು 4,75,000 ಎಂಬುದು ಸಂಪ್ರದಾಯದ ನಂಬಿಕೆ. ಇಂದು ದೊರೆತಿರುವುದು ಅದರಲ್ಲಿ ಅತ್ಯಲ್ಪ ಭಾಗ. ಹಲವು ಊರುಗಳಲ್ಲಿ, ಹಲವರ ಬಾಯಲ್ಲಿ ಮತ್ತೆ ಮತ್ತೆ ಹಾಡಿಸಿಕೊಂಡವು ಉಳಿದುವು. ಓಲೆಗರಿಯೂ ಅದಕ್ಕೆ ನೆರವಾಯಿತು. ಒಬ್ಬನ ನೆನಪಿನಲ್ಲಿ ಮಾತ್ರ ಇದ್ದ ಪದ ಅವನೊಡನೆಯೇ ಹೋಯಿತು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಇಂದಿನ ಗಣಕಯಂತ್ರದ ಶಾಸ್ತ್ರವೂ ಕೊನೆಗೆ ಹೇಳುವುದು ಇದನ್ನೇ.

ತಟ್ಟೆಯಿಂದ ಪೆಟ್ಟಿಗೆಗೆ

ಭಾರತದಲ್ಲಿ ಗ್ರಾಮಫೋನಿಗಾಗಿ ಹಾಡಿದ ಮೊದಲಿಗರಲ್ಲಿ ಗೌಹರ್ ಜಾನ್ ಒಬ್ಬರು. 1902ರಲ್ಲಿ ಕಲ್ಕತ್ತೆಯಲ್ಲಿ ಅವರ ಕಂಠ ಮುದ್ರಿತವಾಯಿತು. ಆ ಗಾಯಕಿ ಬಾಳಿನ ಕೊನೆಯ ದಿನಗಳನ್ನು ಕಳೆದು 1930ರಲ್ಲಿ ಕಣ್ಣುಮುಚ್ಚಿದುದು ಮೈಸೂರಿನಲ್ಲಿ. ಅಂದಿನ ಹತ್ತು ಅಂಗುಲದ ಅರಗಿನ ತಟ್ಟೆಯ ಒಂದು ಮುಖದಲ್ಲಿ ಹಿಡಿಯುತ್ತಿದ್ದುದು ಸುಮಾರು 3 ನಿಮಿಷದ ಸಂಗೀತ. 1963ರಲ್ಲಿ ಕ್ಯಾಸೆಟ್ಟು ಬಂದಿತು. 1982ರಲ್ಲಿ ಕಾಂಪ್ಯಾಕ್ಟ್ ಡಿಸ್ಕ್ ಬಂದಿತು. ಈಗ ಅಂಗೈಯಗಲದ ಹಾರ್ಡ್ ಡಿಸ್ಕ್ ಬಂದಿದೆ. ಕಾಂಪ್ಯಾಕ್ಟ್ ಡಿಸ್ಕಿನ ಗುಣಮಟ್ಟದ ಸಂಗೀತಕ್ಕೆ ಒಂದು ನಿಮಿಷಕ್ಕೆ ಸುಮಾರು 10 ಮೆಗಾಬೈಟು ಜಾಗ ಬೇಕು. ಆ ಲೆಕ್ಕದಲ್ಲಿ 1 ಟೆರಾಬೈಟಿನ ಪೆಟ್ಟಿಗೆಯೊಳಗೆ 1,600 ಗಂಟೆಗೂ ಮಿಕ್ಕಿ ಸಂಗೀತ ಅಡಗುತ್ತದೆ. ದಿನಕ್ಕೆ ನಾಲ್ಕು ಗಂಟೆಯಂತೆ ಕೇಳಿದರೂ ಒಂದು ವರ್ಷದಲ್ಲಿ ಮುಗಿಯದು!

ಈ ಸೌಕರ್ಯದ ಬೆನ್ನಿಗೇ ಅಪಾಯವೂ ಇದೆ. ಅರಗಿನ ತಟ್ಟೆ ಕೈಜಾರಿದರೆ ಎರಡು ಹಾಡು ಹೋಗುತ್ತಿದ್ದುವು. ಪೆಟ್ಟಿಗೆ ಕೈಜಾರಿದರೆ ಮನೆಯ ಸಂಗೀತವೆಲ್ಲವೂ ಒಂದೇ ಗಳಿಗೆಯಲ್ಲಿ ಮೌನವಾಗುತ್ತದೆ. ಗೀರುಬಿದ್ದ ತಟ್ಟೆ ಕರಕರ ಸದ್ದು ಮಾಡಿ ಮೊದಲೇ ಎಚ್ಚರಿಸುತ್ತಿತ್ತು; ಡಿಸ್ಕು ಎಷ್ಟೋ ವೇಳೆ ಸೂಚನೆಯನ್ನೇ ಕೊಡದೆ ನಿಲ್ಲುತ್ತದೆ.

ಅಂಗಡಿಯಲ್ಲಿ ಸಿಗದ ಹಾಡು

ಹಾಗೆಂದು ಕಳೆದುಹೋದ ಹಾಡುಗಳೆಲ್ಲವೂ ಒಂದೇ ಬಗೆಯ ನಷ್ಟವಲ್ಲ. ಅಯ್ಯಾಶಾಸ್ತ್ರಿಗಳ ಆ ಪ್ರಾರ್ಥನೆ 1958ರ ‘ಸ್ಕೂಲ್ ಮಾಸ್ಟರ್’ ಚಿತ್ರದಲ್ಲಿಯೂ ಸೇರಿತು. ಅದು ಒಂದು ಮನೆಯ ಪೆಟ್ಟಿಗೆಯಿಂದ ಅಳಿಸಿಹೋದರೆ ನೆರೆಮನೆಯಿಂದಲೋ ಅಂತರಜಾಲದಿಂದಲೋ ಮತ್ತೆ ದೊರೆತೀತು. ಮತ್ತೆ ದೊರೆಯದ ಹಾಡು ಬೇರೆ ಇದೆ.

ಸೋಸಲೆಯಂತಹ ಊರಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ನಲವತ್ತು ವರ್ಷಗಳ ಹಿಂದಿನ ಒಂದು ಕ್ಯಾಸೆಟ್ಟು. ಶುಕ್ರವಾರದ ಸಂಜೆ ದೀಪ ಹಚ್ಚಿ ಅಜ್ಜಿ ಹಾಡಿದ ದೇವರನಾಮ. ನಡುವೆ ಅಡಿಗೆಮನೆಯಲ್ಲಿ ಪಾತ್ರೆಯೊಂದು ಬಿದ್ದ ಸದ್ದು, ತೊಟ್ಟಿಲಿನ ಕೂಸು ಅತ್ತದ್ದು, “ಸಾಕು ನಿಲ್ಲಿಸೋ, ಗಂಟಲು ಕಟ್ಟಿದೆ” ಎಂದು ಅಜ್ಜಿ ಮೊಮ್ಮಗನನ್ನು ಗದರಿದ್ದು, ಎಲ್ಲವೂ ಅದರಲ್ಲಿದೆ. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಆ ಮೊಮ್ಮಗ ಅದನ್ನು ಗಣಕಯಂತ್ರಕ್ಕೆ ಇಳಿಸಿಕೊಂಡಿದ್ದಾನೆ; “ಇನ್ನೇಕೆ ಈ ಕಸ?” ಎಂದು ಕ್ಯಾಸೆಟ್ಟನ್ನು ಎಸೆದೂ ಬಿಟ್ಟಿದ್ದಾನೆ. ಅಜ್ಜಿ ಈಗಿಲ್ಲ. ಆ ಕಂಠ ಜಗತ್ತಿನಲ್ಲಿ ಉಳಿದಿರುವುದು ಒಂದೇ ಒಂದು ಪೆಟ್ಟಿಗೆಯೊಳಗೆ. ಅದು ಕೆಟ್ಟರೆ ಯಾವ ಅಂಗಡಿಗೆ ಹೋಗಿ ಕೇಳುವುದು?

ಆದುದರಿಂದ ಮೊದಲ ಕೆಲಸ ವಿಂಗಡಿಸುವುದು. ಕೊಳ್ಳಲು ಸಿಗುವ ಹಾಡು ಒಂದು ಕಡೆ. ಮನೆಯವರ ಧ್ವನಿ, ಮದುವೆಯ ಹಸೆಹಾಡು, ಊರ ಉತ್ಸವದ ಕಚೇರಿ ಇನ್ನೊಂದು ಕಡೆ. ಎಚ್ಚರಿಕೆ ಮೊದಲು ಸಲ್ಲಬೇಕಾದುದು ಈ ಎರಡನೆಯದಕ್ಕೆ. ಕ್ಯಾಸೆಟ್ಟನ್ನು ಇಳಿಸಿಕೊಂಡ ಮೇಲೂ ಎಸೆಯಬಾರದು, ಅದೇ ಮೂಲ. ಸುರುಳಿಯ ಮೇಲೆ ಬೆಳ್ಳಗಿನ ಬೂಷ್ಟು ಕಂಡರೆ ಹಾಗೆಯೇ ಯಂತ್ರಕ್ಕೆ ಹಾಕದೆ ಬಲ್ಲವರಿಂದ ಶುಚಿಮಾಡಿಸಬೇಕು. ಇಳಿಸಿದ ಧ್ವನಿಯನ್ನು ಫ್ಲಾಕ್‌ನಂತಹ ನಷ್ಟವಿಲ್ಲದ ರೂಪದಲ್ಲಿಡುವುದು ಮೇಲು. ಎಂಪಿ3 ರೂಪ ಜಾಗವನ್ನು ಉಳಿಸುವುದು ನಿಜ. ಅದಕ್ಕಾಗಿ ಧ್ವನಿಯ ಕೆಲವು ಅಂಶಗಳನ್ನು ಬಿಟ್ಟುಬಿಡುತ್ತದೆ. ಒಮ್ಮೆ ಬಿಟ್ಟುದನ್ನು ಅನಂತರ ಯಾವ ಉಪಾಯದಿಂದಲೂ ತುಂಬಲಾಗದು.

ಮೂರು, ಎರಡು, ಒಂದು

ಬ್ಯಾಕಪ್ ಎಂದು ಇಂದು ಎಲ್ಲರೂ ಕರೆಯುವ ಮರುಪ್ರತಿಯ ವಿಷಯದಲ್ಲಿ ತಜ್ಞರು ಒಂದು ಸುಲಭವಾದ ಸೂತ್ರವನ್ನು ಹೇಳುತ್ತಾರೆ. ಪ್ರತಿಗಳು ಮೂರಿರಲಿ, ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಒಂದಾದರೂ ಬೇರೆ ಸ್ಥಳದಲ್ಲಿರಲಿ. ಗಣಕಯಂತ್ರದಲ್ಲಿ ಒಂದು, ಬೀರುವಿನಲ್ಲಿಟ್ಟ ಹಾರ್ಡ್ ಡಿಸ್ಕಿನಲ್ಲಿ ಒಂದು, ಪರವೂರಿನ ಮಗಳ ಮನೆಯಲ್ಲೋ ಅಂತರಜಾಲದ ಉಗ್ರಾಣದಲ್ಲೋ ಇನ್ನೊಂದು.

ಬೇರೆ ಸ್ಥಳವೇಕೆ ಎಂಬುದನ್ನು ನದೀತೀರದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2018ರ ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ತಗ್ಗಿನ ಭಾಗಗಳಿಗೆ ನುಗ್ಗಿದುದು ಜನರ ನೆನಪಿನಿಂದ ಮಾಸಿಲ್ಲ. ನೀರು ಮನೆಯೊಳಗೆ ಬಂದರೆ ಮೇಜಿನ ಮೇಲಿನ ಗಣಕಯಂತ್ರ ಬೇರೆ, ಬೀರುವಿನ ಡಿಸ್ಕು ಬೇರೆ ಎಂದು ಭೇದವೆಣಿಸುವುದಿಲ್ಲ.

ಇಲ್ಲಿ ಹಲವರು ಎಡವುವ ಸ್ಥಳವೊಂದಿದೆ. ಒಂದೆಡೆ ಅಳಿಸಿದರೆ ಇನ್ನೊಂದೆಡೆಯೂ ತಾನಾಗಿಯೇ ಅಳಿಸುವ ಏರ್ಪಾಡು, ಅಂದರೆ ಸಿಂಕ್, ಮರುಪ್ರತಿಯಾಗಲಾರದು. ಅದು ಕನ್ನಡಿ, ಮುಖಕ್ಕೆ ಮಸಿ ಹತ್ತಿದರೆ ಕನ್ನಡಿಯಲ್ಲಿಯೂ ಮಸಿಯೇ. ಕೆಲಸವಾದ ಕೂಡಲೆ ಯಂತ್ರದಿಂದ ಬಿಡಿಸಿ ತೆಗೆದಿಡುವ ಡಿಸ್ಕಿಗೆ ಇಂತಹ ಭಯವಿಲ್ಲ.

ಪರರ ಉಗ್ರಾಣವನ್ನೇ ನಂಬಿ ಕುಳಿತುಕೊಳ್ಳುವುದೂ ತರವಲ್ಲ. ಒಂದು ಕಾಲಕ್ಕೆ ಪ್ರಪಂಚದ ಯುವಜನರನ್ನೆಲ್ಲ ಸೆಳೆದಿದ್ದ ಮೈಸ್ಪೇಸ್ ಎಂಬ ಅಂತರಜಾಲ ತಾಣ, 2015ಕ್ಕೆ ಮೊದಲು ತನ್ನಲ್ಲಿ ಸೇರಿಸಿದ್ದ ಹಾಡುಗಳು ಯಂತ್ರಗಳನ್ನು ಬದಲಾಯಿಸುವಾಗ ನಷ್ಟವಾದುವೆಂದು ತಿಳಿಸಿದ ಸುದ್ದಿ 2019ರಲ್ಲಿ ಹಬ್ಬಿತು. ಹೋದ ಹಾಡುಗಳು ಸುಮಾರು ಐದು ಕೋಟಿ ಎಂದು ಅಂದಾಜು ಮಾಡಲಾಯಿತು. ಮನೆಯಲ್ಲಿ ಮೂಲವನ್ನು ಇಟ್ಟುಕೊಂಡವರು ಬದುಕಿದರು. ತಾಣವನ್ನೇ ಭಂಡಾರವೆಂದು ನಂಬಿದವರು ಬರಿಗೈಯಾದರು.

ತೆಗೆದು ನೋಡಿದಾಗಲೇ ನಿಜ

ಪ್ರತಿ ಮಾಡಿಟ್ಟುದರಿಂದಲೇ ಕಾರ್ಯ ಮುಗಿಯಿತೇ? ಇಲ್ಲ. 1998ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆಯಲ್ಲಿ ‘ಟಾಯ್ ಸ್ಟೋರಿ 2’ ಎಂಬ ಚಿತ್ರ ಸಿದ್ಧವಾಗುತ್ತಿತ್ತು. ಒಂದು ತಪ್ಪು ಆಜ್ಞೆಯಿಂದ ಅದರ ಬಹುಪಾಲು ಕಡತಗಳು ಅಳಿಸಿಹೋದುವು. ಮರುಪ್ರತಿ ಇದೆಯೆಂದು ಎಲ್ಲರೂ ಧೈರ್ಯವಾಗಿದ್ದರು. ತೆಗೆದು ನೋಡಿದರೆ ಅದು ಸರಿಯಾಗಿ ಆಗುತ್ತಲೇ ಇರಲಿಲ್ಲ! ಕೂಸಿನ ಆರೈಕೆಗೆಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದ ಮಹಿಳೆಯೊಬ್ಬರ ಗಣಕಯಂತ್ರದಲ್ಲಿದ್ದ ಪ್ರತಿ ಆ ಚಿತ್ರವನ್ನು ಕಾಪಾಡಿತು. ದೊಡ್ಡ ಸಂಸ್ಥೆಗೇ ಹೀಗಾದ ಮೇಲೆ ಮನೆಯ ಬೀರುವಿನ ಮಾತೇನು?

ಆದ್ದರಿಂದ ವರ್ಷಕ್ಕೊಮ್ಮೆಯಾದರೂ ಇಟ್ಟ ಪ್ರತಿಯನ್ನು ಬೇರೊಂದು ಯಂತ್ರಕ್ಕೆ ಜೋಡಿಸಿ, ಹತ್ತು ಹಾಡುಗಳನ್ನು ಆರಿಸಿ, ಮೊದಲಿನಿಂದ ಕೊನೆಯವರೆಗೆ ಕೇಳಬೇಕು. ಹೆಸರು ಕಾಣುತ್ತದೆಯೆಂದು ತೃಪ್ತಿಪಟ್ಟರೆ ಸಾಲದು. ಹೆಸರಿದ್ದು ನಾದವಿಲ್ಲದ ಕಡತಗಳುಂಟು. ಹಾಡಿದವರು ಯಾರು, ರಾಗ ಯಾವುದು, ಯಾವ ವರ್ಷ ಎಂಬುದನ್ನು ಕಡತದೊಂದಿಗೇ ಬರೆದಿಡಬೇಕು. ಇಲ್ಲವಾದರೆ ಮುಂದಿನ ತಲೆಮಾರಿಗೆ ಅಜ್ಜಿಯ ಹಾಡು ‘ಟ್ರ್ಯಾಕ್ 07’ ಎಂಬ ಅನಾಥಸ್ವರವಾಗಿ ಉಳಿದೀತು.

ಮೂಲ ಕೆಟ್ಟೇಹೋಯಿತು ಎನ್ನಿ. ಆಗ ಗಾಬರಿ ಬೇಡ. ಕೆಟ್ಟ ಡಿಸ್ಕಿನ ಮೇಲೆ ಹೊಸದಾಗಿ ಏನನ್ನೂ ಬರೆಯಬಾರದು. ಬರೆದರೆ ಅಳಿದುಳಿದುದೂ ಮುಚ್ಚಿಹೋಗುತ್ತದೆ. ಉಳಿದಿರುವ ಪ್ರತಿಯನ್ನು ರೋಗ ತಗಲಿದ ಗಣಕಯಂತ್ರಕ್ಕೆ ಜೋಡಿಸಬಾರದು. ಸ್ವಸ್ಥವಾದ ಯಂತ್ರದಲ್ಲಿ ಮೊದಲು ಅದರದೇ ಇನ್ನೊಂದು ಪ್ರತಿಯನ್ನು ಮಾಡಿಕೊಂಡು, ಮರಳಿ ಪಡೆಯುವ ಪ್ರಯತ್ನವನ್ನೆಲ್ಲ ಆ ಹೊಸ ಪ್ರತಿಯ ಮೇಲೆ ನಡೆಸಬೇಕು. ಹಾಡುಗಳ ಸಂಖ್ಯೆಯನ್ನೂ ಗಾತ್ರವನ್ನೂ ತಾಳೆನೋಡಿ, ಕೆಲವನ್ನು ಕೇಳಿ, ಬಳಿಕವೇ ಹಳೆಯದನ್ನು ಒಳಗಿಡಬೇಕು.

ಇದಕ್ಕೆ ದಿನವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಮೈಸೂರು ಸೀಮೆಯ ಮನೆಗಳಲ್ಲಿ ನವರಾತ್ರಿಯ ಸರಸ್ವತಿ ಪೂಜೆಗೆ ಪುಸ್ತಕಗಳನ್ನು ಪೀಠದ ಮೇಲಿಡುವುದುಂಟು. ಇಟ್ಟುಬಿಟ್ಟರೆ ಪೂಜೆ ಪೂರ್ಣವಾಗುವುದಿಲ್ಲ. ಅವನ್ನು ಮರಳಿ ಕೈಗೆತ್ತಿಕೊಂಡು, ತೆರೆದು, ನಾಲ್ಕು ಸಾಲು ಓದಿದಾಗಲೇ ಪೂರ್ಣ. ಈ ಸಲ ಪುಸ್ತಕಗಳ ಪಕ್ಕದಲ್ಲಿ ಆ ಪುಟ್ಟ ಪೆಟ್ಟಿಗೆಯೂ ಇರಲಿ. ವಿಜಯದಶಮಿಯ ಬೆಳಗ್ಗೆ ಅದನ್ನು ತೆರೆದು, ಮನೆಮಂದಿಯೆಲ್ಲ ಕುಳಿತು, ಅಜ್ಜಿಯ ಹಾಡನ್ನು ಒಮ್ಮೆ ಕೊನೆಯವರೆಗೆ ಕೇಳಲಿ, ಆ ಗದರಿಕೆಯೂ ಸೇರಿದಂತೆ.