ಬೆಳೆದ ಮಗನ ದತ್ತಕ: ಗೋಕಾಕ, ಹುಕ್ಕೇರಿ ಸೀಮೆಯ ರೂಢಿ ಮತ್ತು ಕಾನೂನು

ದತ್ತಕವೆಂದರೆ ಎಳೆಯ ಮಗುವಿನ ವಿಷಯವೆಂಬುದು ಸಾಮಾನ್ಯ ತಿಳಿವಳಿಕೆಯಾಗಿದ್ದು, 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 10ನೇ ಕಲಂ ಸಹ ಹದಿನೈದು ವರ್ಷ ತುಂಬಿದವರನ್ನಾಗಲಿ ಮದುವೆಯಾದವರನ್ನಾಗಲಿ ದತ್ತಕ ತೆಗೆದುಕೊಳ್ಳುವಂತಿಲ್ಲ ಎಂದೇ ಹೇಳುತ್ತದೆ. ಆದರೆ ಅದೇ ಕಲಂ, ಪಕ್ಷಗಾರರಿಗೆ ಅನ್ವಯಿಸುವ ರೂಢಿಯೊಂದು ಅದಕ್ಕೆ ಅವಕಾಶ ಕೊಟ್ಟಿದ್ದರೆ ಈ ನಿಷೇಧ ಅನ್ವಯವಾಗದು ಎಂಬ ವಿನಾಯಿತಿಯನ್ನೂ ಇಟ್ಟಿದೆ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಬೆಳೆದ ಮಗನ ದತ್ತಕಕ್ಕೆ ಆಧಾರವಾಗಿರುವುದು ಈ ವಿನಾಯಿತಿಯೇ.

ಈ ರೂಢಿಯ ಬೇರು ಮುಂಬೈ ಪ್ರಾಂತ್ಯದ ಕಾನೂನು ಪರಂಪರೆಯಲ್ಲಿದೆ. ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರನು ಬರೆದ ಮಿತಾಕ್ಷರದ ಜೊತೆಗೆ, ಹದಿನೇಳನೇ ಶತಮಾನದ ನೀಲಕಂಠ ಭಟ್ಟನ ವ್ಯವಹಾರಮಯೂಖವೂ ಈ ಪ್ರಾಂತ್ಯದಲ್ಲಿ ಪ್ರಮಾಣಗ್ರಂಥವಾಗಿತ್ತು. ಮದುವೆಯಾಗಿ ಮಕ್ಕಳಾದವನನ್ನೂ ದತ್ತಕ ತೆಗೆದುಕೊಳ್ಳಬಹುದೆಂಬುದು ಮಯೂಖದ ಮತ. ಅಲ್ಲಿಯವರೆಗೆ ಮುಂಬೈಗೆ ಸೇರಿದ್ದ ಬೆಳಗಾವಿ ಜಿಲ್ಲೆ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು, ಮೇಲಿನ ಕಾಯ್ದೆ ಬಂದದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ. ಆದರೆ ಕಾಯ್ದೆಯ ಪ್ರಕಾರ ರೂಢಿಯೆಂದರೆ ಒಂದು ಪ್ರದೇಶದಲ್ಲಿ, ಸಮುದಾಯದಲ್ಲಿ ಅಥವಾ ಮನೆತನದಲ್ಲಿ ಬಹುಕಾಲದಿಂದ ಎಡೆಬಿಡದೆ ನಡೆದುಬಂದು ಕಾನೂನಿನ ಬಲ ಪಡೆದ ನಿಯಮವಾದ್ದರಿಂದ, ರಾಜ್ಯದ ಗಡಿ ಸರಿದ ಮಾತ್ರಕ್ಕೆ ಅದು ಅಳಿಯುವುದಿಲ್ಲ. ಕೊಂಡಿಬಾ ರಾಮಾ ಪಾಪಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ, ಮುಂಬೈ ಪ್ರದೇಶದ ಈ ರೂಢಿಯನ್ನು ನ್ಯಾಯಾಲಯಗಳು ಹಿಂದೆಯೇ ಮಾನ್ಯ ಮಾಡಿರುವುದರಿಂದ ಅದನ್ನು ಮತ್ತೆ ಸಾಕ್ಷ್ಯದಿಂದ ಸಾಧಿಸಬೇಕಿಲ್ಲ ಎಂಬ ನಿಲುವು ತಳೆಯಿತು. ಹಾಗಿದ್ದರೂ ದತ್ತಕ ಪತ್ರದಲ್ಲಿ ರೂಢಿಯನ್ನು ಸ್ಪಷ್ಟವಾಗಿ ನಮೂದಿಸುವುದೇ ಜಾಣತನ.

ಬೆಳೆದವನು ಮನೆ ಬದಲಿಸಿದಾಗ ಅವನ ಹೆಂಡತಿ ಮಕ್ಕಳ ಗತಿಯೇನು ಎಂಬುದು ಈ ವಿಷಯದ ಅತ್ಯಂತ ಸೂಕ್ಷ್ಮ ಭಾಗವಾಗಿದ್ದು, ಊರ ಪಂಚರ ಮಾತುಕತೆಯಲ್ಲಿ ಅದಕ್ಕೆ ಸಿಗಬೇಕಾದಷ್ಟು ಗಮನ ಸಿಗುವುದಿಲ್ಲ. ಹೆಂಡತಿ ಗಂಡನೊಡನೆ ಹೊಸ ಮನೆತನಕ್ಕೆ ಸೇರುತ್ತಾಳೆ. ಆದರೆ ದತ್ತಕಕ್ಕೆ ಮೊದಲೇ ಹುಟ್ಟಿದ ಮಗನು ತಂದೆಯ ಜೊತೆ ಹೋಗುವುದಿಲ್ಲ, ಹುಟ್ಟಿದ ಮನೆತನದಲ್ಲಿಯೇ ಅವನ ಗೋತ್ರವೂ ವಾರಸಾ ಹಕ್ಕೂ ಉಳಿಯುತ್ತವೆ ಎಂದು ಮುಂಬೈ ಹೈಕೋರ್ಟ್ 1909ರಲ್ಲಿ ಕಲಗೌಡ ತವನಪ್ಪ ಮತ್ತು ಸೋಮಪ್ಪ ತಮನಗೌಡರ ನಡುವಿನ ದಾವೆಯಲ್ಲಿ ತೀರ್ಪಿತ್ತಿತು. ದತ್ತಕದ ವೇಳೆಗೆ ತಾಯಿಯ ಗರ್ಭದಲ್ಲಿದ್ದು ಆಮೇಲೆ ಹುಟ್ಟಿದ ಮಗ ಮಾತ್ರ ತಂದೆಯ ಹೊಸ ಮನೆತನಕ್ಕೆ ಸೇರುತ್ತಾನೆಂದು 1918ರ ಇನ್ನೊಂದು ತೀರ್ಪು ಹೇಳಿತು. ಹೀಗೆ ಒಂದೇ ತಾಯಿಯ ಮಕ್ಕಳಲ್ಲಿ ಹಿರಿಯನು ಒಂದು ಮನೆತನಕ್ಕೂ ಕಿರಿಯನು ಮತ್ತೊಂದಕ್ಕೂ ಸೇರಿ ಬೇರೆ ಬೇರೆ ಆಸ್ತಿಗೆ ಬಾಧ್ಯರಾಗುವ ಸಂದರ್ಭ ಬರುತ್ತದೆ. ಘಟಪ್ರಭೆಯ ನೀರಾವರಿ ಹೊಲಗಳಿರುವ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ.

ಕ್ರಮ ಸರಳವಾದರೂ ಅದರ ಷರತ್ತುಗಳು ಬಿಗಿಯಾಗಿವೆ. ಕಾಯ್ದೆ ಲಿಂಗಾಯತರು, ಜೈನರು, ಬೌದ್ಧರು, ಸಿಖ್ಖರನ್ನೂ ಒಳಗೊಳ್ಳುತ್ತದೆ. ಮಗನನ್ನು ದತ್ತಕ ತೆಗೆದುಕೊಳ್ಳುವವರಿಗೆ ಬದುಕಿರುವ ಮಗ, ಮೊಮ್ಮಗ, ಮರಿಮಗ ಇರಬಾರದು. ವಿವಾಹಿತರಾಗಿದ್ದರೆ ಸಂಗಾತಿಯ ಒಪ್ಪಿಗೆ ಬೇಕು. ಮಹಿಳೆ ಪುರುಷನನ್ನು ಅಥವಾ ಪುರುಷ ಮಹಿಳೆಯನ್ನು ದತ್ತಕ ತೆಗೆದುಕೊಳ್ಳುವುದಾದರೆ ಇಬ್ಬರ ನಡುವೆ 21 ವರ್ಷಗಳ ಅಂತರವಿರಬೇಕು. ಕೊಡುವ ಅಧಿಕಾರ ಹೆತ್ತ ತಂದೆತಾಯಿಯದು. ಅವರಿಬ್ಬರೂ ತೀರಿಕೊಂಡಿದ್ದರೆ ಪೋಷಕನು ನ್ಯಾಯಾಲಯದ ಅನುಮತಿಯಿಂದ ಕೊಡಬಹುದೆಂದು ಕಾಯ್ದೆ ಹೇಳುವುದಾದರೂ, ವಯಸ್ಕನಿಗೆ ಪೋಷಕನೇ ಇರುವುದಿಲ್ಲವಾದ್ದರಿಂದ ಅಂಥವನ ದತ್ತಕ ತೊಡಕಿಗೆ ಸಿಲುಕುತ್ತದೆ. ದತ್ತಕಕ್ಕೆ ಹೋಮ ಕಡ್ಡಾಯವಲ್ಲ, ಆದರೆ ಹೆತ್ತವರು ನಿಜವಾಗಿ ಕೊಟ್ಟು ದತ್ತಕ ತಂದೆತಾಯಿ ಸ್ವೀಕರಿಸುವ ಕ್ರಿಯೆ ನಡೆಯಲೇಬೇಕು. ಇದು ನಡೆಯದೆ ಬಾಂಡ್ ಪೇಪರಿನ ಮೇಲೆ ಬರೆಸಿದ ಪತ್ರವೊಂದರಿಂದಲೇ ಯಾರೂ ಮಗನಾಗುವುದಿಲ್ಲ. ಕೊಟ್ಟವರೂ ತೆಗೆದುಕೊಂಡವರೂ ಸಹಿ ಮಾಡಿದ ಪತ್ರ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗಿದ್ದರೆ, ಸುಳ್ಳೆಂದು ಸಾಧಿತವಾಗುವವರೆಗೆ ನ್ಯಾಯಾಲಯ ದತ್ತಕವನ್ನು ಕಾನೂನುಬದ್ಧವೆಂದೇ ಭಾವಿಸುತ್ತದೆ. ಹಣ ಕೊಟ್ಟು ಅಥವಾ ಪಡೆದು ದತ್ತಕ ಮಾಡುವುದು ಆರು ತಿಂಗಳವರೆಗೆ ಸೆರೆವಾಸಕ್ಕೆ ಗುರಿಯಾಗಬಹುದಾದ ಅಪರಾಧ.

ದತ್ತಕವಾದವನಿಗೆ ಹುಟ್ಟಿದ ಮನೆಯ ಸಂಬಂಧ ಕಾನೂನಿನಲ್ಲಿ ಕಡಿಯುತ್ತದೆ. ಮೊದಲೇ ಅವನ ಕೈಸೇರಿದ ಆಸ್ತಿ ಮಾತ್ರ ಅವನಲ್ಲೇ ಉಳಿಯುತ್ತದೆ. ದತ್ತಕ ತಂದೆ ತನ್ನ ಆಸ್ತಿಯನ್ನು ಮಾರುವ ಅಥವಾ ಮೃತ್ಯುಪತ್ರ ಬರೆಯುವ ಹಕ್ಕನ್ನು, ವ್ಯತಿರಿಕ್ತ ಒಪ್ಪಂದವಿಲ್ಲದಿದ್ದರೆ, ಕಳೆದುಕೊಳ್ಳುವುದಿಲ್ಲ. ದತ್ತಕವಾದ ಮಾತ್ರಕ್ಕೆ ಉತಾರದಲ್ಲಿ (ಪಹಣಿಯಲ್ಲಿ) ಹೆಸರು ಬರುವುದೂ ಇಲ್ಲ. ಸಿಂಧುವಾದ ದತ್ತಕವನ್ನು ಮುಂದೆ ಯಾವ ಪಕ್ಷವೂ ರದ್ದುಪಡಿಸಲಾಗದು. ಆದ್ದರಿಂದ ಇಂಥ ದತ್ತಕದ ಮನಸ್ಸಿರುವ ಮನೆತನಗಳು ಹೆತ್ತವರು ಬದುಕಿರುವಾಗಲೇ, ದತ್ತಕಕ್ಕೆ ಹೋಗುವವನ ಹೆಂಡತಿಯನ್ನೂ ಕೂರಿಸಿಕೊಂಡು, ಈಗಾಗಲೇ ಹುಟ್ಟಿದ ಮಕ್ಕಳ ಪಾಲನ್ನು ಮೊದಲು ಇತ್ಯರ್ಥ ಮಾಡಿ, ಆಮೇಲೆ ಪತ್ರವನ್ನು ನೋಂದಣಿ ಮಾಡಿಸಬೇಕು.