ಅನ್ನದ ತಟ್ಟೆಗೆ ಸರ್ಟಿಫಿಕೇಟು ಬೇಕಿಲ್ಲ

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಮ್ಮ ರಾಯದುರ್ಗ, ಆಲೂರು, ಆದವಾನಿ ಸೀಮೆಯಲ್ಲಿ ಎರಡು ಭಾಷೆಯಲ್ಲೂ ಬಳಕೆಯಲ್ಲಿದೆ. ತೆಲುಗಿನವರು 'ದೇವುಡು ವರಮಿಚ್ಚಿನಾ ಪೂಜಾರಿ ವರಮಿವ್ವಡು' ಅಂತಾರೆ. ಶಾಲೆಯ ಮಧ್ಯಾಹ್ನದ ಊಟಕ್ಕೆ ಈ ಮಾತು ಚೆನ್ನಾಗಿ ಒಪ್ಪುತ್ತದೆ. ಕಾನೂನು ಕೊಟ್ಟ ಅನ್ನಕ್ಕೆ ಅಲ್ಲಲ್ಲಿ ಕಾಗದ ಕೇಳುತ್ತಾರೆ. ನಮ್ಮ ತಾಯಂದಿರೂ 'ಕಾಗದ ಇಲ್ಲ, ಏನ್ ಮಾಡೋಣ' ಅಂತ ಸುಮ್ಮನಾಗುತ್ತಾರೆ.

ಗಡಿಯವರಿಗೆ ಕಾಗದದ ಕಷ್ಟ ಹೊಸದಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು ಈ ಮೂರು ತಾಲ್ಲೂಕು ಆಂಧ್ರಕ್ಕೆ ಸೇರಿದವು. ಆದರೆ ಹೆಣ್ಣು ತರುವುದು, ಕೊಡುವುದು ಇವತ್ತಿಗೂ ಬಳ್ಳಾರಿ, ಮೊಳಕಾಲ್ಮೂರು, ಸಿರುಗುಪ್ಪ ಕಡೆಯೇ. ಸೊಸೆಯ ಆಧಾರ್ ಕರ್ನಾಟಕದ್ದು, ಮಗನದು ಆಂಧ್ರದ್ದು. ತವರಿನಲ್ಲಿ ಹೆರಿಗೆಯಾದ ಮಗುವಿನ ಜನನ ಪತ್ರ ಇನ್ನೊಂದು ರಾಜ್ಯದ್ದು. ಬಾಯಲ್ಲಿ ಅನುಮಪ್ಪ, ಕನ್ನಡದಲ್ಲಿ ಹನುಮಪ್ಪ, ತೆಲುಗು ಪದ್ಧತಿಯಲ್ಲಿ ಮುಂದೆ ಮನೆತನದ ಹೆಸರು ಬೇರೆ. ಒಬ್ಬನೇ ಹುಡುಗ ಮೂರು ಕಾಗದದಲ್ಲಿ ಮೂರು ಮನುಷ್ಯನಾಗುತ್ತಾನೆ. ಮಳೆ ಕೈಕೊಟ್ಟ ವರ್ಷ ಆದವಾನಿ ಕಡೆಯ ಕೂಲಿಯವರು ಮೆಣಸಿನಕಾಯಿ ಬಿಡಿಸಲು ಮಕ್ಕಳ ಸಮೇತ ಗುಂಟೂರಿಗೆ ಗುಳೆ ಹೋಗುತ್ತಾರೆ. ಮರಳಿ ಬಂದಾಗ ಟಿ.ಸಿ. ಎಲ್ಲಿ ಅನ್ನುವುದೇ ದೊಡ್ಡ ಪ್ರಶ್ನೆ.

ಹೀಗೆ ಗುಳೆಯಿಂದ ಬಂದು ಅಜ್ಜಿ ಮನೆಯಲ್ಲಿ ಉಳಿದ ಹುಡುಗನೊಬ್ಬನನ್ನು ನಮ್ಮ ಭಾಗದ ಒಂದು ಶಾಲೆಯಲ್ಲಿ ಕಂಡೆ. ಪಾಠಕ್ಕೆ ಕೂರಿಸಿಕೊಂಡಿದ್ದರು, ಊಟಕ್ಕೆ ಕರೆದಿರಲಿಲ್ಲ. 'ರಿಜಿಸ್ಟರಿನಲ್ಲಿ ಹೆಸರಿಲ್ಲ ಕಣಣ್ಣ, ಟಿ.ಸಿ., ಆಧಾರ್ ತರಲಿ' ಅಂದರು ಮೇಷ್ಟ್ರು. ಅವರು ಕೆಟ್ಟವರಲ್ಲ. ಅಕ್ಕಿ, ಅಡುಗೆ ದುಡ್ಡು ಬರುವುದು ಹಾಜರಿಯ ಲೆಕ್ಕದ ಮೇಲೆ. ಲೆಕ್ಕ ತಪ್ಪಿದರೆ ಉತ್ತರ ಕೊಡಬೇಕಾದವರು ಅವರೇ. ನಾವು ನಾಲ್ಕು ಜನ ಹಿರಿಯರು ಕೂತು ಕಾನೂನಿನ ಮಾತಾಡಿದೆವು. ಮರುದಿನ ಹೆಸರು ಬರೆದುಕೊಂಡರು, ತಟ್ಟೆಯೂ ಬಂತು.

ಆ ಕಾನೂನು ಏನು ಹೇಳುತ್ತದೆ?

2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಯ ಪ್ರತಿ ಮಗುವಿಗೂ ಬೇಯಿಸಿದ ಊಟ ಕೊಡಿ ಎಂದಿತು. ಅದಕ್ಕೆ ಮೊದಲು, 1995ರ ಯೋಜನೆಯಲ್ಲಿ, ಶೇ. 80 ಹಾಜರಿ ಇದ್ದ ಮಗುವಿಗೆ ತಿಂಗಳಿಗೆ 3 ಕಿಲೋ ಧಾನ್ಯ ಕೊಡುವ ಪದ್ಧತಿ ಬಹಳ ಕಡೆ ಇತ್ತು. ಬೇಯಿಸಿದ ಊಟ ಬಂದ ಮೇಲೆ ಆ ಲೆಕ್ಕವೂ ಹೋಯಿತು. 2013ರ ಆಹಾರ ಭದ್ರತಾ ಕಾಯ್ದೆಯಂತೆ ಎಂಟನೇ ತರಗತಿವರೆಗೆ ಇಂಥ ಶಾಲೆಗಳಲ್ಲಿ ರಜೆ ಬಿಟ್ಟು ದಿನವೂ ಒಂದು ಊಟ ಉಚಿತ. ಕಿರಿಯ ಮಕ್ಕಳಿಗೆ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್. ಆರರಿಂದ ಎಂಟರವರಿಗೆ 700 ಕ್ಯಾಲೊರಿ, 20 ಗ್ರಾಂ ಪ್ರೋಟೀನ್. ಬಡವನೋ ಸಾಹುಕಾರನೋ, ಕಾರ್ಡು ಬಿಳಿಯದೋ ಗುಲಾಬಿಯದೋ ಎಂದು ಕಾಯ್ದೆ ಕೇಳುವುದಿಲ್ಲ. ಅಂದರೆ ಇದಕ್ಕೆ ಅರ್ಹತೆ ಒಂದೇ, ಮಗು ಆ ಶಾಲೆಯದಾಗಿರಬೇಕು.

ಶಾಲೆಗೆ ಸೇರಲು ಕಾಗದ ಬೇಡವೇ? ಇದ್ದರೆ ಒಳ್ಳೆಯದು. ಇಲ್ಲವೆಂದು ಬಾಗಿಲು ಹಾಕುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 14ನೇ ಕಲಂ ಪ್ರಕಾರ ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ. 5ನೇ ಕಲಂ ಪ್ರಕಾರ ಟಿ.ಸಿ. ತಡವಾಯಿತೆಂದು ಪ್ರವೇಶ ತಡಮಾಡುವಂತಿಲ್ಲ, ಬೇರೆ ರಾಜ್ಯದಿಂದ ಬಂದ ಮಗುವಿಗೂ ಇದು ಅನ್ವಯ.

ಇನ್ನು ಆಧಾರ್. 2017ರ ಫೆಬ್ರವರಿ 28ರಂದು ಕೇಂದ್ರ ಸರ್ಕಾರ ಊಟಕ್ಕೂ ಆಧಾರ್ ಬೇಕೆಂದು ಅಧಿಸೂಚನೆ ಹೊರಡಿಸಿತ್ತು. ಕೂಗೆದ್ದ ಮೇಲೆ, ಆಧಾರ್ ಇಲ್ಲವೆಂದು ಯಾರಿಗೂ ತಪ್ಪಿಸುವುದಿಲ್ಲ ಎಂದು ಹೇಳಿತು. 2018ರ ಸೆಪ್ಟೆಂಬರ್ 26ರಂದು ಸುಪ್ರೀಂ ಕೋರ್ಟು ಮಾತು ಖಚಿತ ಮಾಡಿತು. ಶಾಲೆಯ ಪ್ರವೇಶಕ್ಕೆ ಆಧಾರ್ ಕಡ್ಡಾಯವಲ್ಲ, ಆಧಾರ್ ಇಲ್ಲವೆಂದು ಯಾವ ಮಗುವಿಗೂ ಯೋಜನೆ ತಪ್ಪಿಸಬಾರದು, ಬೇರೆ ದಾಖಲೆಯಿಂದ ಗುರುತು ನೋಡಿ ಕೊಡಬೇಕು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ನಮ್ಮ ಕನ್ನಡದವರೇ.

ಒಂದು ಗೊಂದಲ ಬಿಡಿಸಿಕೊಳ್ಳಬೇಕು. ತಾಯಂದಿರ ಖಾತೆಗೆ ಹಣ ಹಾಕುವ ಆಂಧ್ರದ 'ತಲ್ಲಿಕಿ ವಂದನಂ'ಗೆ ರೇಷನ್ ಕಾರ್ಡು, ಶೇ. 75 ಹಾಜರಿ ಮುಂತಾದ ನಿಬಂಧನೆಗಳಿವೆ. ಹಾಸ್ಟೆಲಿಗೆ ಜಾತಿ, ಆದಾಯದ ಸರ್ಟಿಫಿಕೇಟು ಕೇಳುತ್ತಾರೆ. ಅದಕ್ಕಾಗಿ ಮೀ ಸೇವಾಕ್ಕೂ ಗ್ರಾಮ ಸಚಿವಾಲಯಕ್ಕೂ ತಿರುಗಲೇಬೇಕು. ಆದರೆ ಆ ಕಾಗದದ ಕಟ್ಟನ್ನು ಊಟದ ತಟ್ಟೆಯ ಮೇಲೆ ಇಡಬಾರದು.

ಹಾಗಾದರೆ ನಾವು ಮಾಡಬೇಕಾದದ್ದು ಏನು? ಗುಳೆ ಹೋಗುವಾಗ ಮೇಷ್ಟ್ರಿಗೆ ಹೇಳಿ ಹೋಗಬೇಕು. ಬಂದ ದಿನವೇ ಮಗುವನ್ನು ಶಾಲೆಗೆ ಕರೆದೊಯ್ದು ಹೆಸರು ಬರೆಸಬೇಕು. ಕಾಗದ ಆಮೇಲೆ ಕೊಡುತ್ತೇವೆಂದು ಅರ್ಜಿ ಬರೆದುಕೊಡಬೇಕು, ಕನ್ನಡದಲ್ಲೋ ತೆಲುಗಿನಲ್ಲೋ. ಆಗಲೂ ಆಗದಿದ್ದರೆ ಎಂ.ಇ.ಓ. ಕಚೇರಿ, ಅಲ್ಲೂ ಆಗದಿದ್ದರೆ ಸೋಮವಾರ ಕಲೆಕ್ಟರ್ ಅಹವಾಲು ಕೇಳುವ ಕಡೆ ಹೋಗಬೇಕು. ಹೆಸರಿನ ಅಕ್ಷರ ತಿದ್ದಿಸುವ ಕೆಲಸ ನಿಧಾನಕ್ಕೆ ನಡೆಯಲಿ, ಅದಕ್ಕಾಗಿ ಮಗು ಉಪವಾಸ ಕೂರುವುದು ಬೇಡ.

ಅಂಗಡಿ ಇಟ್ಟವರು, ನಾಲ್ಕಕ್ಷರ ಕಲಿತವರು ಇದನ್ನು ಓದಿ ಪಕ್ಕದ ಮನೆಗೆ ಹೇಳಿದರೆ ಸಾಕು. ಇಂಥ ಮಾತು ಗೊತ್ತಾಗದೆ ಊಟ ಕಳೆದುಕೊಳ್ಳುವುದು ಓದು ಬಾರದ ಕೂಲಿಯವರ ಮಕ್ಕಳೇ. ರಾಜ್ಯದ ಗೆರೆ ಭೂಮಿಯ ಮೇಲೆ ಎಳೆದದ್ದು, ಹಸಿವಿಗೆ ಅದು ಕಾಣುವುದಿಲ್ಲ. ಮಧ್ಯಾಹ್ನ ಗಂಟೆ ಬಾರಿಸಿದಾಗ ಶಾಲೆಯಲ್ಲಿದ್ದ ಅಷ್ಟೂ ಮಕ್ಕಳು ಒಂದೇ ಸಾಲಿನಲ್ಲಿ ಕೂತು ಉಣ್ಣಲಿ.